ಆರು ಪಕಳೆಯ ರಬ್ಬರ್ ಹೂವು

ಬೋಟಿನ ಇಂಜಿನ್ ಚಾಲೂ ಆದ ಕೂಡಲೇ ಅದರ ಹಿಂಬದಿಯ ಸಣ್ಣ ತೂತಿನಿಂದ ನೀರಿನ ಒಂದು ಎಳೆ ಹೊರಗೆ ಹಾರಬೇಕು. ಹೊಳೆಯ ನೀರನ್ನು ಒಳಗೆ ಎಳೆದು, ಇಂಜಿನ್ನಿನ ಮೈಯೆಲ್ಲ ಸುತ್ತಾಡಿಸಿ, ತಣ್ಣಗಿಟ್ಟು ಹೊರಗೆ ಬಿಡುವ ಪಂಪು ಸರಿಯಾಗಿದೆ ಎಂಬುದಕ್ಕೆ ಅದೊಂದೇ ಸಾಕ್ಷಿ. ಆ ಎಳೆಗೆ ಮಾಮಾ ಬೆರಳು ಅಡ್ಡ ಹಿಡಿಯುತ್ತಿದ್ದರು. ಎಷ್ಟು ಜೋರು, ಎಷ್ಟು ಬಿಸಿ ಎಂದು ಬೆರಳಿನಲ್ಲೇ ತೂಗಿ, ಅದೇ ಬೆರಳನ್ನು ಮೂಗಿಗೆ ಹಿಡಿದು ವಾಸನೆ ನೋಡಿ, "ಹೂಂ, ನಡೀಲಿ" ಅನ್ನುತ್ತಿದ್ದರು.

ಅವರು ಮಣ್ಣಿಗೆ ಹೋಗಿ ಒಂದು ಮಳೆಗಾಲ ಕಳೆದಿದೆ. ಈಗಲೂ ನಾನು ಇಂಜಿನ್ನನ್ನು ನೀರಿನ ಬ್ಯಾರಲ್ಲಿಗೆ ಇಳಿಸಿ ಚಾಲೂ ಮಾಡಿದಾಗ ಒಂದು ಹೆಜ್ಜೆ ಬಲಕ್ಕೆ ಸರಿದು ನಿಲ್ಲುತ್ತೇನೆ. ಎಡಗಡೆ ಒಬ್ಬ ಮನುಷ್ಯ ಬಗ್ಗಿ ಕೈ ಚಾಚುವಷ್ಟು ಜಾಗ ತಾನಾಗಿಯೇ ಬಿಟ್ಟುಹೋಗುತ್ತದೆ. ಅಲ್ಲಿಗೆ ಯಾರೂ ಬರುವುದಿಲ್ಲ. ಆದರೂ ಇಂಜಿನ್ ಬಂದ್ ಮಾಡಲು ಕೈ ಏಳುವುದಿಲ್ಲ. ಪೆಟ್ರೋಲ್ ಸುಡುತ್ತ ನಿಲ್ಲುತ್ತೇನೆ.

ಹೊಳೆ ದಾಟುವ ಘಾಟಿನ ಮಂದಿಗೆ ಅವರು ಮಾಮಾ. ನನಗೂ ಮಾಮಾ. ಕುಡಚಿಯವರು. ಹೊಳೆಯ ಈ ದಂಡೆಯಿಂದ ಆ ದಂಡೆಗೆ ಮಂದಿಯನ್ನು ದಾಟಿಸುವ ತಗಡಿನ ಬೋಟು ಒಂದಿತ್ತು, ಈಗಲೂ ಇದೆ. ಅದರ ಇಂಜಿನ್ನಿನ ಜವಾಬ್ದಾರಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಅವರದು. ಇವತ್ತು ಘಾಟಿನಲ್ಲಿ ಅವರ ಮಾತು ಬಂದರೆ, "ಛಲೋ ಮನಿಶಾ, ಕಡೀಕ ನೆನಪು ಹೋಗಿ ಮರವು ಬಂದಿತ್ತು ಪಾಪ" ಅನ್ನುತ್ತಾರೆ. ಅದು ಸುಳ್ಳು. ಆ ಸುಳ್ಳಿನಲ್ಲಿ ನನ್ನ ಪಾಲಿದೆ. ಅದಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ.

ಐನಾಪುರದಲ್ಲಿ ನನ್ನದೊಂದು ಗ್ಯಾರೇಜು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟೆ. ಟ್ರ್ಯಾಕ್ಟರ್, ಬಾವಿಯ ಮೋಟಾರು, ಡೀಸೆಲ್ ಇಂಜಿನ್ನು, ಕೈಗೆ ಸಿಕ್ಕದ್ದನ್ನೆಲ್ಲ ಬಿಚ್ಚಿ ಕಲಿತೆ. ಕಬ್ಬಿನ ಹಂಗಾಮಿನಲ್ಲಿ ನನ್ನ ಬಾಗಿಲಿಗೆ ಟ್ರ್ಯಾಕ್ಟರುಗಳು ಸಾಲು ಹಚ್ಚಿ ನಿಲ್ಲುತ್ತವೆ. ಇದು ಜಂಬವಲ್ಲ, ಇದ್ದ ಮಾತು. ಮಾಮಾ ಮೊದಲ ಸಲ ನನ್ನಲ್ಲಿಗೆ ಬಂದದ್ದು ಒಂದು ತುಕ್ಕು ಹಿಡಿದು ಮುರಿದ ಬೋಲ್ಟು ತೆಗೆಸಲು. ಟೆಂಪೋದಲ್ಲಿ ಇಂಜಿನ್ ಮಲಗಿಸಿಕೊಂಡು, ತಲೆಯ ಕೆಳಗೆ ಗೋಣಿಚೀಲ ಇಟ್ಟು, ಬೇನೆ ಬಿದ್ದವರನ್ನು ತಂದ ಹಾಗೆ ತಂದಿದ್ದರು.

"ಇದೇನ್ರಿ ಮಾಮಾ, ನೀರಾಗಿನ ಮಿಕ್ಸರ್ ಐತಲ್ಲ" ಅಂದೆ.

"ಮಿಕ್ಸರೇ ಐತಿ. ನೀವು ಬೋಲ್ಟ್ ಅಷ್ಟ ತಗದು ಕೊಡ್ರಿ, ಚಟ್ನಿ ನಾ ಅರಕೋತೀನಿ" ಅಂದರು.

ಬೋಲ್ಟು ತೆಗೆದೆ. ಅವರು ಕೈ ತೊಳೆಯಲು ಅತ್ತ ಹೋದರು. ನನ್ನ ಕೈಯ ಗುಣ ತೋರಿಸಬೇಕು ಅನ್ನಿಸಿತೋ ಏನೋ, ನೆಲದ ಮೇಲೆ ಸ್ಟ್ಯಾಂಡಿಗೆ ಕಟ್ಟಿದ್ದ ಇಂಜಿನ್ನಿನ ದಾರ ಜಗ್ಗಿ ಚಾಲೂ ಮಾಡಿಬಿಟ್ಟೆ. ಏನು ಛಂದ ಹೊಡೆಯಿತು. ಮಾಮಾ ಸೋಪಿನ ಕೈಯಲ್ಲೇ ಓಡಿ ಬಂದು ಬಂದ್ ಮಾಡಿದರು. ಬೈಯಲಿಲ್ಲ. ನಾಲ್ಕು ನಟ್ಟು ಬಿಚ್ಚಿ, ಇಂಜಿನ್ನಿನ ಕೆಳಗಿನ ಕಾಲನ್ನು ಎಳೆದು, ಅದರ ತಲೆಯ ಮೇಲಿದ್ದ ಪಂಪಿನ ಮುಚ್ಚಳ ತೆಗೆದು ನನ್ನ ಅಂಗೈಗೆ ಒಂದು ರಬ್ಬರಿನ ವಸ್ತು ಇಟ್ಟರು. ನಡುವೆ ಹಿತ್ತಾಳೆಯ ದುಂಡು ಬಿಲ್ಲೆ, ಸುತ್ತ ಆರು ಪಕಳೆ. ಇಂಪೆಲ್ಲರ್ ಅಂತ ಅದರ ಹೆಸರು. ಅವರು ಅದಕ್ಕೆ ಹೂವು ಅನ್ನುತ್ತಿದ್ದರು. ಪಕಳೆಗಳ ತುದಿ ಸುಟ್ಟು ಮಿಣಿಮಿಣಿ ಹೊಳೆಯುತ್ತಿತ್ತು.

"ಇದು ನೀರ ಎತ್ತತೈತಿ, ನೀರಿನ್ಯಾಗ ಬದಕತೈತಿ. ಒಣಾ ತಿರಗಿತಂದ್ರ ಹತ್ತ ಎಣಸೂದ್ರಾಗ ಸುಡತೈತಿ. ತಿಳೀತಿಲ್ಲೋ ಇಂಜಿನಿಯರ್ ಸಾಹೇಬ್ರ?"

ಅವತ್ತಿನಿಂದ ನಾನು ಅವರಿಗೆ ಇಂಜಿನಿಯರ್ ಸಾಹೇಬ. ಮಂದಿಯ ಮುಂದೆ ಹಾಗೆ ಕರೆದಾಗ ನನಗೆ ಸಿಟ್ಟು ಬರುತ್ತಿತ್ತು. ಒಂದೆರಡು ವರ್ಷ ಆದ ಮೇಲೆ ಕರೆಯದಿದ್ದರೆ ಬೇಜಾರಾಗುತ್ತಿತ್ತು.

ಗ್ಯಾರೇಜಿಗೆ ರಜೆ ಇರುವ ದಿನ ನಾನು ಘಾಟಿಗೆ ಹೋಗತೊಡಗಿದೆ. ಹಳೆಯ ಹೂವನ್ನು ಅವರು ನೋಡುವ ರೀತಿಯೇ ಬೇರೆ. ನಾವಾದರೆ ಪಕಳೆಯ ತುದಿ ಸವೆದಿದೆಯೋ ನೋಡುತ್ತೇವೆ. ಅವರು ಪ್ರತಿಯೊಂದು ಪಕಳೆಯನ್ನೂ ಹೆಬ್ಬೆರಳಿನಿಂದ ಹಿಂದಕ್ಕೆ ಮಣಿಸಿ, ಬುಡದಲ್ಲಿ ಕೂದಲಿನಂಥ ಬಿರುಕು ಇದೆಯೇ ಎಂದು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. "ತುದಿ ಎಲ್ಲಾರೂ ನೋಡತಾರ. ಮುರಿಯೂದು ಬುಡದಾಗ." ಬೋಟು ಬಹಳ ದಿನ ನಿಂತಿದ್ದರೆ ಪಕಳೆಗಳು ಒಂದೇ ಕಡೆಗೆ ಬಾಗಿ ಹಾಗೇ ಸೆಟೆದುಕೊಳ್ಳುತ್ತವೆ. ಅಂಥ ಹೂವನ್ನು ಅವರು ಮತ್ತೆ ಹಾಕುತ್ತಿರಲಿಲ್ಲ. ಹೊಸದನ್ನು ಕೂರಿಸುವಾಗ ಗ್ರೀಸು ಹಚ್ಚಬಾರದು, ಅದು ರಬ್ಬರನ್ನು ತಿನ್ನುತ್ತದೆ. ಸೋಪಿನ ನೀರು ಹಚ್ಚಿ, ಇಂಜಿನ್ ತಿರುಗುವ ದಿಕ್ಕಿಗೇ ಹೂವನ್ನು ತಿರುವುತ್ತ ಒಳಗೆ ಇಳಿಸಬೇಕು. ಆಗ ಪಕಳೆಗಳೆಲ್ಲ ಒಂದೇ ಕಡೆಗೆ ಬಾಗಿ ಕೂರುತ್ತವೆ. ಒತ್ತಿ ತುರುಕಿದರೆ ಬೈಗುಳ ಬೀಳುತ್ತಿತ್ತು.

ಉಳಿಕೆ ಹೂವುಗಳನ್ನು ಬಿಸ್ಕೀಟಿನ ಡಬ್ಬಿಯಲ್ಲಿ ಮುಖದ ಪೌಡರ್ ಉದುರಿಸಿ ಇಡುತ್ತಿದ್ದರು, ರಬ್ಬರ್ ಒಂದಕ್ಕೊಂದು ಅಂಟದಿರಲಿ ಎಂದು. ಡಬ್ಬಿ ತೆಗೆದರೆ ಘಾಟಿಗೆಲ್ಲ ಘಮಘಮ.

"ಮಾಮಾ, ಯಾವ ಮದಲಗಿತ್ತೀನ ಬಚ್ಚಿಟ್ಟೀರಿ ಒಳಗ?" ಎಂದು ಹಾಲಿನವರು ಕೆಣಕುತ್ತಿದ್ದರು.

"ಆರ ಮಂದಿ ಅದಾರ. ಎಲ್ಲಾರೂ ನಿನ್ನ ಒಲ್ಲೆ ಅಂತಾರ."

ಅವರ ಒಂದು ಪದ್ಧತಿ ಮಾತ್ರ ಎಲ್ಲರ ತಾಳ್ಮೆ ತಿನ್ನುತ್ತಿತ್ತು. ಹಳೆಯ ಹೂವಿನ ಪಕಳೆ ಮುರಿದಿದ್ದರೆ, ಮುರಿದ ತುಂಡುಗಳನ್ನೆಲ್ಲ ಹುಡುಕಿ ತೆಗೆಯುವ ತನಕ ಹೊಸದನ್ನು ಹಾಕುತ್ತಿರಲಿಲ್ಲ. ಹೆಗಲ ಮೇಲಿನ ಬಿಳಿ ಟವೆಲ್ಲು ಹಾಸಿ ಅದರ ಮೇಲೆ ಹೂವನ್ನಿಟ್ಟು, ಸಿಕ್ಕ ಚೂರುಗಳನ್ನು ಅದರ ಸುತ್ತ ಜೋಡಿಸಿ ಆರು ಪಕಳೆ ಪೂರ್ತಿ ಮಾಡುತ್ತಿದ್ದರು. ಒಂದು ಸಲ ಉಗುರಿನಷ್ಟು ಚೂರು ಕಡಿಮೆ ಬಿತ್ತು. ದಂಡೆಯಲ್ಲಿ ಹಾಲಿನ ಕ್ಯಾನು ಹಿಡಿದವರು, ಸಂತೆಗೆ ಹೋಗುವ ಹೆಣ್ಣುಮಕ್ಕಳು, ಆ ದಂಡೆಯ ಶಾಲೆಯ ಮಾಸ್ತರರು ಎಲ್ಲ ನಿಂತಿದ್ದರು.

"ಮಾಮಾ, ನನ್ನ ಹಾಲ ಒಡದು ಪನೀರ್ ಆಗಾಕತ್ತೈತಿ" ಎಂದು ಹಾಲಿನವನೊಬ್ಬ ಕೂಗಿದ.

"ಪನೀರ್ ತುಟ್ಟಿ ಐತಿ. ನಿನಗ ಲಾಭಾತು, ಸುಮ್ನಿರು."

"ಬಿದ್ದದ್ದು ಹೊಳಿಗೆ ಹೋಗಿರತೈತಿ ಬಿಡ್ರಿ" ಎಂದರು ಮಾಸ್ತರರು.

"ಹೊಳಿಗೆ ಹೋಗಿದ್ರ ಹೊಳಿ ಹೇಳತಿತ್ರಿ ಮಾಸ್ತರ. ಹೇಳಿಲ್ಲ ಅಂದ್ರ ಇಲ್ಲೇ ಒಳಗ ಕುಂತೈತಿ. ಸಂಜಿಕ ಮನಿ ಮಂದಿ ಎಲ್ಲಾ ಬಂದಾರೇನು ನೋಡಿ ಬಾಗಲಾ ಹಾಕತೀರೋ ಇಲ್ಲೋ ನೀವು?"

ನೀರು ಮೇಲೆ ಏರುವ ಕೊಳವೆಗೆ ಮೇಲಿನಿಂದ ತಂಬಿಗೆಯಲ್ಲಿ ನೀರು ಸುರಿದು, ಬಾಯಿಂದ ಊದಿ, ಮತ್ತೆ ಸುರಿದು, ಕೊನೆಗೆ ಆ ಕಪ್ಪು ಚೂರು ಕೆಳಗೆ ಟವೆಲ್ಲಿನ ಮೇಲೆ ಬಿತ್ತು. ನಾನು, "ಕಂಪ್ರೆಸರ್ ಗಾಳಿ ಬಿಟ್ಟಿದ್ರ ಒಂದ್ ಮಿನಿಟಿನ ಕೆಲಸ" ಅಂದೆ. ಅವರು ತಲೆ ಎತ್ತದೆ ಅಂದರು, "ಕೆಳಗಿಂದ ಗಾಳಿ ಹೊಡದ್ರ ತುಂಡು ಮ್ಯಾಲ ಹೋಗಿ ಕುಂದರತೈತಿ ಸಾಹೇಬ್ರ. ಟ್ರ್ಯಾಕ್ಟರ್ ಕೆಟ್ರ ನೀವು ಇಳದು ಮನಿಗೆ ನಡಕೊಂಡ ಹೋಗತೀರಿ. ಇಲ್ಲಿ ಎಲ್ಲಿ ಇಳೀತೀರಿ?"

ದೊಡ್ಡ ಹೊಳೆ ಬಂದು ಊರಿಗೆ ನೆರೆ ನುಗ್ಗಿದ ವರ್ಷ ದಾಟುವ ಕೆಲಸ ನಿಂತು ಬೋಟು ತೋಟದ ಮನೆಗಳಲ್ಲಿ ಸಿಕ್ಕಿಬಿದ್ದವರನ್ನು ತರುವುದಕ್ಕೆ ಹತ್ತಿತು. ಎರಡು ದಿನ ಕೆಂಪು ನೀರಿನ ಮರಳು ತಿಂದು ಪಂಪಿನ ನೀರು ಸಣ್ಣಗಾಯಿತು. ಅದೇ ಮಧ್ಯಾಹ್ನ ಮಾಮಾನ ಓಣಿಗೂ ನೀರು ಹೊಕ್ಕಿತ್ತು. ಇಂಜಿನ್ನನ್ನು ನನ್ನ ಗ್ಯಾರೇಜಿಗೆ ಕಳಿಸಿ, "ಮನಿ ಸಾಮಾನ ಮ್ಯಾಲ ಏರಿಸಿ ಮುಂಜಾನೆ ಬರತೀನಿ. ಹೂ ನೀ ಹಾಕು" ಎಂದು ಹೇಳಿ ಕಳಿಸಿದರು. ಬೇರೆ ಯಾರ ಕೈಗೂ ಅವರು ಆ ಕೆಲಸ ಕೊಟ್ಟವರಲ್ಲ. ಆ ಸಂಜೆ ನನ್ನ ಎದೆ ಎಷ್ಟು ಉಬ್ಬಿತ್ತು ಎಂದು ನನಗೆ ಗೊತ್ತು.

ಬಿಚ್ಚಿದೆ. ಐದು ಪಕಳೆ ಸರಿ ಇದ್ದವು. ಆರನೆಯದರ ಅರ್ಧ ಇರಲಿಲ್ಲ. ಪಂಪಿನ ಮುಚ್ಚಳದೊಳಗೆ ನೋಡಿದೆ, ಅದರ ಕೆಳಗಿನ ತಟ್ಟೆಯ ಮೇಲೆ ನೋಡಿದೆ, ಸಿಗಲಿಲ್ಲ. ಕಂಪ್ರೆಸರ್ ಪೈಪು ಹಿಡಿದು ಕೆಳಗಿನಿಂದ ಜೋರು ಗಾಳಿ ಹೊಡೆದೆ. ಏನೂ ಹೊರಬೀಳಲಿಲ್ಲ. ಹೊರಗೆಲ್ಲೋ ಹಾರಿಹೋಗಿದೆ ಎಂದುಕೊಂಡೆ. ಎಷ್ಟು ಇಂಜಿನ್ ನೋಡಿದವನು ನಾನು, ಇಷ್ಟು ಸಣ್ಣ ರಬ್ಬರಿಗೆ ಹೆದರುವುದೇ ಎಂದುಕೊಂಡೆ. ಹೊಸ ಹೂವು ಹಾಕಿ ಬ್ಯಾರಲ್ಲಿನಲ್ಲಿ ಚಾಲೂ ಮಾಡಿದರೆ ನೀರಿನ ಎಳೆ ಆಳೆತ್ತರ ಹಾರಿತು.

ಮರುದಿನ ಮುಂಜಾನೆ ಬೋಟಿನಲ್ಲಿ ಹಿಂದೆ ಮಾಮಾ, ಮುಂದೆ ಬಿದಿರಿನ ಗಳ ಹಿಡಿದು ನಾನು. ಒಂದು ತೋಟದ ಮನೆಯ ಮಾಳಿಗೆಯಿಂದ ಎಂಟು ಮಂದಿಯನ್ನು ಹತ್ತಿಸಿಕೊಂಡೆವು. ಅವರಲ್ಲಿ ಹದಿನೈದು ದಿನದ ಕೂಸನ್ನು ಸೀರೆಯೊಳಗೆ ಕಟ್ಟಿಕೊಂಡ ಬಾಣಂತಿ ಒಬ್ಬಳಿದ್ದಳು. ಸೆಳವಿನ ನಡುವೆ ಬಂದಾಗ ಮಾಮಾ ಹಿಂದಕ್ಕೆ ಬಗ್ಗಿ ಬೆರಳು ಚಾಚಿದರು. ಚಾಚಿದ ಬೆರಳನ್ನು ಹಾಗೇ ಹಿಡಿದು ನಿಂತರು.

"ನೀರ ನಿಂತೈತಿ" ಎಂದರು, ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ. ಮತ್ತೆ ನನ್ನ ಮುಖ ನೋಡಿದರು. ಒಂದೇ ಸಲ. ಆಮೇಲೆ ಇಂಜಿನ್ನಿನ ಟೊಪ್ಪಿಗೆಯಂಥ ಮುಚ್ಚಳ ಕಿತ್ತು, "ತಂಬಗಿ ತಗೋ. ಮ್ಯಾಲ ನೀರ ಹಾಕು, ನಿಲ್ಲಸಬ್ಯಾಡ" ಎಂದರು. ನಾನು ಸುರಿಯುತ್ತಿದ್ದ ನೀರು ಚುಂಯ್ ಎಂದು ಹಬೆಯಾಗಿ ಏಳುತ್ತಿತ್ತು. ಆ ಹಬೆಯೊಳಗೆ ಕೈ ಇಟ್ಟುಕೊಂಡೇ ಅವರು ಇಂಜಿನ್ನನ್ನು ಸಣ್ಣಗೆ ನಡೆಸಿ, ಬೋಟಿನ ಮೂತಿಯನ್ನು ಜಾಲಿ ಮರಗಳ ಕಡೆಗೆ ತಿರುಗಿಸಿದರು. ಇಂಜಿನ್ ಕಿರ್ ಎಂದು ಕಚ್ಚಿ ನಿಲ್ಲುವುದಕ್ಕೂ ಬೋಟು ಒಂದು ಜಾಲಿಯ ತಲೆಗೆ ಬಡಿಯುವುದಕ್ಕೂ ಸರಿಹೋಯಿತು. ಮುಳ್ಳಿನ ಟೊಂಗೆಗಳನ್ನು ಬರಿಗೈಯಲ್ಲಿ ತಬ್ಬಿ ಹಿಡಿದೆವು. ಒಂದೂವರೆ ತಾಸು. ಆ ಕೂಸು ಅಷ್ಟೂ ಹೊತ್ತು ಅಳಲೇ ಇಲ್ಲ. ಅದು ಯಾಕೆ ಅಳುತ್ತಿಲ್ಲ ಎಂದು ತಾಯಿ ಸೀರೆ ಸರಿಸಿ ಸರಿಸಿ ನೋಡುತ್ತಿದ್ದಳು. ಇನ್ನೊಂದು ಬೋಟು ಬಂದು ಎಲ್ಲರನ್ನೂ ಇಳಿಸಿಕೊಂಡ ಮೇಲೆ ಕೂಸು ಅತ್ತಿತು. ಒಂದು ಜೀವವೂ ಹೋಗಲಿಲ್ಲ. ಆದರೆ ಆ ಸೀರೆಯ ಸೆರಗು ಸರಿಯುವುದನ್ನು ನಾನು ಇನ್ನೂ ನೋಡುತ್ತಲೇ ಇದ್ದೇನೆ.

ನೀರು ಇಳಿದ ಮೇಲೆ ಘಾಟಿನ ಶೆಡ್ಡಿನಲ್ಲಿ, ಬೋಟಿನ ಸಂಘದ ಹಿರಿಯರ ಮುಂದೆ, ಮಾಮಾ ಇಂಜಿನ್ ಬಿಚ್ಚಿದರು. ಅವರ ಬಲಗೈಗೆ ಬಟ್ಟೆ ಸುತ್ತಿತ್ತು. ಬಿಚ್ಚಿ ಕೊಡುವುದಕ್ಕೆ ನಾನು ಪಕ್ಕದಲ್ಲಿದ್ದೆ. ನೀರು ಮೇಲೆ ಹೋಗುವ ದಾರಿಯ ಇಕ್ಕಟ್ಟಿನಲ್ಲಿ ಕಪ್ಪು ಚೂರು ಅಡ್ಡ ಕುಳಿತಿತ್ತು. ಅವರು ಅದನ್ನು ಚಿಮಟಿಗೆಯಿಂದ ಎಳೆದು ಟವೆಲ್ಲಿನ ಮೇಲೆ ಇಟ್ಟರು.

"ಏನ್ ಮಾಮಾ ಇದು?" ಎಂದರು ಸಂಘದ ಅಧ್ಯಕ್ಷರು.

"ಹಳೀ ಹೂವಿಂದರಿ."

"ಇದನ್ನ ತಗೀದ ಹೊಸಾದು ಹಾಕಿದ್ರೇನು? ನೀವು ಎಣಸದ ಹಾಕಾವರಲ್ಲಲ್ಲ."

ಹೂವು ಹಾಕಿದವನು ನಾನು ಎಂದು ಅಲ್ಲಿ ಮಾಮಾ ಒಬ್ಬರಿಗೇ ಗೊತ್ತಿತ್ತು. ನಾನು ತಲೆ ಬಗ್ಗಿಸಿ ನಟ್ಟು ಬಿಚ್ಚುವ ಪಾನಾಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಅಳತೆಯ ಪ್ರಕಾರ ಜೋಡಿಸುತ್ತಿದ್ದೆ. ಹನ್ನೊಂದು ಪಾನಾ. ಎಲ್ಲ ಜೋಡಿಸಿ ಮುಗಿಯಿತು, ಮತ್ತೆ ಕೆಡಿಸಿ ಜೋಡಿಸಿದೆ.

"ಮರತೆರಿ" ಎಂದರು ಮಾಮಾ. "ಎಣಸೂದ ಮರತೆ."

ಅಧ್ಯಕ್ಷರು, "ವಯಸ್ಸಾತು ಮಾಮಾ. ಎಂಟ ಮಂದಿ ಜೀವದ ಪ್ರಶ್ನೆ ಇದು. ಇನ್ನ ಆರಾಮ್ ಮಾಡ್ರಿ, ಇಂಜಿನ್ ಇವ್ರು ನೋಡಲಿ" ಎಂದು ನನ್ನ ಕಡೆ ಕೈ ಮಾಡಿದರು. ಮಾಮಾ ಬಿಸ್ಕೀಟಿನ ಡಬ್ಬಿಯನ್ನು ನನ್ನ ಮುಂದೆ ಸರಿಸಿ, ಟವೆಲ್ಲು ಝಾಡಿಸಿ ಹೆಗಲಿಗೆ ಹಾಕಿಕೊಂಡು ಹೋದರು.

ಒಂದು ತಿಂಗಳಾದ ಮೇಲೆ ಕುಡಚಿ ಸ್ಟೇಶನ್ ಹತ್ತಿರದ ಚಹಾದಂಗಡಿಯಲ್ಲಿ ಸಿಕ್ಕರು. ನಾನು, "ಮಾಮಾ, ಅವತ್ತ…" ಎಂದು ಶುರು ಮಾಡಿದೆ. ಅವರು ಬಸಿಯಲ್ಲಿ ಚಹಾ ಆರಿಸುತ್ತ, "ಬಿಡ್ರಿ ಸಾಹೇಬ್ರ. ನಿನ್ನ ಕೈಯಾಗ ಇನ್ನ ಮೂವತ್ತ ವರ್ಷದ ಕೆಲಸ ಐತಿ. ನನ್ನ ಕೈಯಾಗ ಎಷ್ಟೈತಿ?" ಎಂದರು. ನಾನು ಬಿಟ್ಟೆ. ಬಿಡು ಅಂದದ್ದು ಅವರು, ಆದರೆ ಅಷ್ಟು ಬೇಗ ಬಿಟ್ಟವನು ನಾನು.

ಆಮೇಲೆ ನಾಲ್ಕು ವರ್ಷ ಇಂಜಿನ್ ನಾನೇ ನೋಡಿದೆ. ಕೆಲವು ಮುಂಜಾನೆ ಅವರು ಕುಡಚಿಯಿಂದ ಯಾರದಾದರೂ ಗಾಡಿಯ ಹಿಂದೆ ಕುಳಿತು ಘಾಟಿಗೆ ಬರುತ್ತಿದ್ದರು. ಹತ್ತಿರ ಬರುತ್ತಿರಲಿಲ್ಲ. ದಂಡೆಯ ಮೇಲೆ ನಿಂತು ಬೋಟಿನ ಹಿಂಬದಿ ನೋಡುತ್ತಿದ್ದರು. ನೀರು ಹಾರುವುದು ಕಂಡರೆ ಕೈ ಎತ್ತಿ ಇಳಿಸಿ ಹೊರಟುಹೋಗುತ್ತಿದ್ದರು. ಅವರು ತೀರಿದ ಸುದ್ದಿ ನನಗೆ ಬೋಟು ಹತ್ತಿದ ಒಬ್ಬ ಪ್ರಯಾಣಿಕನಿಂದ ತಿಳಿಯಿತು. ಹೋಗಿ ಒಂದು ಹಿಡಿ ಮಣ್ಣು ಹಾಕಿ ಬಂದೆ. ಮರುದಿನ ಮುಂಜಾನೆ ಬೋಟು ಬಿಟ್ಟಾಗ ದಂಡೆಯ ಮೇಲೆ ಯಾರೋ ಕೈ ಎತ್ತಿದ ಹಾಗಾಯಿತು. ತಿರುಗಿ ನೋಡಿದರೆ ಹುಲ್ಲು. ಅದರ ಮರುದಿನವೂ ಹಾಗೇ. ಆ ಕೈಗೆ ಸಿಟ್ಟಿದ್ದರೆ ನಾನು ತಡೆಯುತ್ತಿದ್ದೆನೇನೋ. ಅದು ಸುಮ್ಮನೆ, ನೀರು ಚಲೋ ಹಾರುತ್ತಿದೆ ಎಂದು ಹೇಳುತ್ತಿತ್ತು.

ನಲವತ್ತು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ. ಮಾಮಿ ಒಬ್ಬರೇ ಇದ್ದರು. ಕುರ್ಚಿ ಕೊಟ್ಟು, ತಾವು ಹೊಸ್ತಿಲ ಹತ್ತಿರ ಅಕ್ಕಿ ಆರಿಸುತ್ತ ಕುಳಿತರು.

"ಮಾಮಿ, ಒಂದ್ ಮಾತ ಹೇಳೂದಿತ್ತು" ಎಂದೆ. "ಹೊಳಿ ಬಂದಾಗ ಬೋಟ್ ನಿಂತಿತಲ್ಲ, ಅವತ್ತ ಆ ಹೂ ಹಾಕಿದಾಂವ ನಾ. ತುಂಡ ಹುಡಕಲಿಲ್ಲ. ಮಾಮಾ ತಮ್ಮ ಮ್ಯಾಲ ಹಾಕೊಂಡ್ರು."

ಅವರ ಕೈ ಮೊರದಲ್ಲಿ ನಿಂತಿತು. ಬೈಯುತ್ತಾರೆ ಎಂದು ಕಾದೆ. ಅವರು ಬೇರೆಯೇ ಕೇಳಿದರು.

"ನೀ ಹಾಕಿದಿ, ಖರೇ. ಅವರು ನಿನ್ನ ಕೇಳಲಿಲ್ಲೇನು ತಮ್ಮಾ?"

"ಏನ್ ಮಾಮಿ?"

"ತುಂಡ ಎಲ್ಲಾ ಸಿಕ್ಕಾವೇನು ಅಂತ. ರಮಜಾನ್ ರೋಜಾದಾಗ ಮರತು ಒಂದ್ ಗುಟಕ ನೀರ ಕುಡದಾರು, ಅದನ್ನ ಕೇಳೂದ ಮರಿಯೂ ಮನಿಶಾ ಅಲ್ಲ ಅವರು. ಅವತ್ತ ಕೇಳೂದೂ ಮರತ್ರೇನು?"

ಆ ಸಂಜೆಯ ಒಂದು ಮಾತನ್ನು ನಾನು ಮೇಲೆ ಬರೆದಿಲ್ಲ. ಮಾಮಿಗೂ ಅದನ್ನು ಬಿಟ್ಟೇ ಹೇಳಿದ್ದೆ. ನನ್ನ ಮಟ್ಟಿಗೆ ಕೂಡ ಅದನ್ನು ಬಿಟ್ಟೇ ನೆನೆಯುವುದು ರೂಢಿಯಾಗಿತ್ತು. ಹೊಸ ಹೂವು ಕೈಯಲ್ಲಿ ಹಿಡಿದಿದ್ದಾಗ ಮಾಮಾನ ಫೋನು ಬಂದಿತ್ತು. ಅವರ ಹಿಂದೆ ಪಾತ್ರೆ ಎಳೆಯುವ ಸದ್ದು, ನೀರಿನಲ್ಲಿ ನಡೆಯುವ ಸದ್ದು. ಮೊಣಕಾಲು ನೀರಿನಲ್ಲಿ ನಿಂತು ಅವರು ಕೇಳಿದ್ದು ಒಂದೇ ಮಾತು, "ಎಣಿಕಿ ಆತೇನು?"

"ಕೇಳಿದ್ರು ಮಾಮಿ" ಎಂದೆ. "ಫೋನ್ ಮಾಡಿ ಕೇಳಿದ್ರು. ನಾ, ಆರಕ್ಕ ಆರೂ ಅದಾವ ಅಂದೆ. ಸುಳ್ಳ ಹೇಳಿದೆ."

ಮಾಮಿ ಮತ್ತೆ ಅಕ್ಕಿ ಆರಿಸತೊಡಗಿದರು. ಆಮೇಲೆ ಮಾತಾಡಿದ್ದು ನನ್ನ ಜೊತೆಗೋ ತಮ್ಮ ಜೊತೆಗೋ ತಿಳಿಯಲಿಲ್ಲ.

"ನಾಕ ವರ್ಷ. ಅವರು ಗ್ಯಾಸ್ ಬಂದ್ ಮಾಡಿ ಬಂದ್ರ ಹಿಂದ ನಾ ಹೋಗಿ ಮುಟ್ಟಿ ನೋಡತಿದ್ದೆ. ಮಗ ಗಾಡಿ ಚಾವಿ ಕಸಗೊಂಡ. ಗುಳಿಗಿ ಅವರ ಕೈಯಾಗ ಕೊಡತಿದ್ದಿಲ್ಲ, ಸೊಸಿ ಎಣಿಸಿ ಬಾಯಾಗ ಹಾಕತಿದ್ಲು. ಮೊಮ್ಮಗಳನ್ನ ಸಾಲಿಗೆ ಬಿಟ್ಟ ಬರತೀನಿ ಅಂದ್ರ, ನೀವು ಎಲ್ಲೆರೆ ಬಿಟ್ಟು ಮರತು ಬರತೀರಿ, ಬ್ಯಾಡ ಅಂದೆ. ನಾನ ಅಂದೆ. ಬಾಗಲದಾಗ ನಿಂತು ಹುಡಿಗಿ ಹೋಗೂದ ನೋಡತಿದ್ರು." ಒಂದು ಕಲ್ಲು ಆರಿಸಿ ಹೊರಗೆ ಎಸೆದರು. "ಒಂದ್ ಸರತಿನೂ, ನಾ ಮರತಿಲ್ಲ ಅನ್ನಲಿಲ್ಲ."

ನನಗೆ ಅಲ್ಲಿ ಕುಳಿತಿರಲು ಆಗಲಿಲ್ಲ. ಎದ್ದು ಚಪ್ಪಲಿ ಹುಡುಕಿದೆ.

"ಎಲ್ಲಿ ಹೊಂಟಿ?" ಎಂದರು ಮಾಮಿ. ಧ್ವನಿ ಏರಿರಲಿಲ್ಲ. "ಕುಂದರು. ಮಗ ಬರೂ ಹೊತ್ತಾತು."

ಕುಳಿತೆ. ಅವರು ಅಕ್ಕಿ ಆರಿಸುವುದನ್ನು ಮುಗಿಸಿ, ಮೊರ ಒಳಗಿಟ್ಟು, ಬಂದು ಬಾಗಿಲ ಹತ್ತಿರ ನಿಂತರು. ಓಣಿಯಲ್ಲಿ ಒಂದು ಮೋಟಾರ್ ಸೈಕಲ್ ಬಂದು ನಿಂತಿತು. ಮಗ ಒಳಗೆ ಬಂದ. ನನ್ನನ್ನು ನೋಡಿ ನಕ್ಕು, "ಏನ್ ಅಣ್ಣಾ, ಇತ್ತ ಕಡೆ?" ಎಂದ. ನಾನು ಬಾಯಿ ತೆರೆಯುವ ಮೊದಲೇ ಮಾಮಿ ಅವನ ರಟ್ಟೆ ಹಿಡಿದು ನನ್ನ ಎದುರಿಗೆ ಕೂರಿಸಿದರು.

"ನಿನ್ನ ಅಬ್ಬಾ ಮರತಿದ್ದಿಲ್ಲಂತ" ಎಂದರು. "ಕುಂದರು. ಹೇಳತಾನ, ಕೇಳು."